ಲಿಡ್ಡರ್ ಕಣಿವೆಯ ಅಕ್ರೋಟು ಮರಗಳು

ದಿಲ್ಲಿಯಲ್ಲಿ ಸಂಸಾರ ಹೂಡಿರುವ ಕನ್ನಡಿಗರಿಗೆ ಅಕ್ರೋಟಿನ ಪರಿಚಯ ಸಾಮಾನ್ಯವಾಗಿ ದೀಪಾವಳಿಯ ಸಮಯದಲ್ಲಿ ಆಗುತ್ತದೆ. ನಾಲ್ಕು ಮನೆ ಮಾಡಿದ ರಟ್ಟಿನ ಡಬ್ಬಿಯಲ್ಲಿ ಗೋಡಂಬಿ, ಬಾದಾಮಿ, ಒಣದ್ರಾಕ್ಷಿಗಳ ಜೊತೆಗೆ ಅದೂ ಮನೆಗೆ ಬರುತ್ತದೆ. ಗೋಡಂಬಿಯನ್ನು ಮಕ್ಕಳು ಅಂದೇ ಮುಗಿಸುತ್ತಾರೆ. ಬಾದಾಮಿಯನ್ನು ನೆನೆಹಾಕುವುದಕ್ಕೆಂದು ಮನೆಯಾಕೆ ಎತ್ತಿಡುತ್ತಾಳೆ. ಅಕ್ರೋಟು ಮಾತ್ರ ಸಂಕ್ರಾಂತಿಯವರೆಗೂ ಡಬ್ಬಿಯಲ್ಲೇ ಕುಳಿತು ಕಮಟು ಹಿಡಿಯುತ್ತದೆ. ನಮ್ಮ ಮನೆಯಲ್ಲಂತೂ ಹತ್ತು ಹನ್ನೊಂದು ವರ್ಷ ಹೀಗೆಯೇ ನಡೆಯಿತು. ಸಾಗರದ ಸೀಮೆಯಲ್ಲಿ ಅಡಿಕೆ ತೋಟದ ನಡುವೆ ಬೆಳೆದ ನನಗೆ ಯಾವ ಕಾಯಿಯನ್ನು ಕಂಡರೂ ಇದರ ಮರ ಹೇಗಿದ್ದೀತು, ಕೊಯ್ಯುವವರು ಯಾರು ಎಂದು ಕೇಳಿಕೊಳ್ಳುವ ಚಾಳಿ. ಆದರೂ ಅಕ್ರೋಟಿನ ಮರವನ್ನು ನೋಡುವ ಯೋಗ ಬಂದದ್ದು 2023ರ ಸೆಪ್ಟೆಂಬರ್ ತಿಂಗಳಲ್ಲಿ.

ಹೆಸರಿನಿಂದ ಇದು ನಮಗೆ ತೀರ ದೂರದ ಮರವೇನಲ್ಲ. ಸಂಸ್ಕೃತದವರು ಇದನ್ನು ಅಕ್ಷೋಟ ಎಂದರು. ಹಿಂದಿಯ ಅಖರೋಟ್, ನಮ್ಮ ಅಕ್ರೋಟು, ಎಲ್ಲವೂ ಆ ಮಾತಿನ ವಂಶದವೇ. ಕಾಳಿದಾಸನ ರಘುವಂಶದ ನಾಲ್ಕನೆಯ ಸರ್ಗದಲ್ಲಿ ದಿಗ್ವಿಜಯಕ್ಕೆ ಹೊರಟ ರಘು ಕಾಂಬೋಜ ದೇಶದಲ್ಲಿ ತನ್ನ ಆನೆಗಳನ್ನು ಕಟ್ಟಿಸಿದ್ದು ಅಕ್ಷೋಟದ ಮರಗಳಿಗೆ. ಆನೆಯನ್ನು ಕಟ್ಟುವಷ್ಟು ದೊಡ್ಡ ಮರವೆಂಬುದನ್ನು ಕವಿ ಅಂದೇ ತಿಳಿಸಿಟ್ಟಿದ್ದಾನೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಜುಗ್ಲಾನ್ಸ್ ರೀಜಿಯ. ರೀಜಿಯ ಎಂದರೆ ರಾಜಯೋಗ್ಯವಾದದ್ದು ಎಂದರ್ಥ.

ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತನಾಗಿರುವವನಿಗೆ ಪ್ರವಾಸವೆಂದರೆ ಎಲ್.ಟಿ.ಸಿ. ನಾಲ್ಕು ವರ್ಷದ ಕಂತಿನಲ್ಲಿ ಸ್ವಂತ ಊರಿಗೆ ಹೋಗುವ ಒಂದು ಸರದಿಯನ್ನು ಬಿಟ್ಟುಕೊಟ್ಟರೆ ಅದರ ಬದಲಿಗೆ ಜಮ್ಮು-ಕಾಶ್ಮೀರಕ್ಕೆ ಹೋಗಿ ಬರಬಹುದು ಎಂಬ ಸವಲತ್ತು ಉಂಟು. ಊರಿನ ಪ್ರಯಾಣವನ್ನು ಬಿಟ್ಟುಕೊಡುವುದು ಹೊರನಾಡಿನ ಕನ್ನಡಿಗನಿಗೆ ಎಷ್ಟು ಭಾರವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾದುದಿಲ್ಲ. ಅಮ್ಮನಿಗೆ ಫೋನು ಮಾಡಿ ಹೇಳಿದೆ. "ಕಾಶ್ಮೀರ ಓಡಿಹೋಗ್ತದಾ? ತೋಟದ ಕೊನೆಕೊಯ್ಲು ಓಡಿಹೋಗ್ತದೆ" ಎಂದು ಒಂದು ಮಾತು ಅಂದಳು, ಆಮೇಲೆ, "ಮಕ್ಕಳಿಗೆ ಚಳಿ ಬಟ್ಟೆ ಸರಿಯಾಗಿ ಹಾಕು" ಎಂದಳು. ಒಪ್ಪಿಗೆ ದೊರೆತಂತಾಯಿತು.

ದಿಲ್ಲಿಯಿಂದ ರಾತ್ರಿಯ ರೈಲಿನಲ್ಲಿ ಜಮ್ಮು. ಅಲ್ಲಿಂದ ಬಾಡಿಗೆಯ ಮೋಟಾರಿನಲ್ಲಿ ಬೆಟ್ಟದ ದಾರಿ. ಆಗ ಕಣಿವೆಯವರೆಗೆ ನೇರ ರೈಲು ಇರಲಿಲ್ಲ. ಚಿನಾಬ್ ನದಿಯ ಮೇಲೆ 359 ಮೀಟರ್ ಎತ್ತರದ ಸೇತುವೆಯನ್ನು ದಾಟಿ ಕಟ್ರಾದಿಂದ ಶ್ರೀನಗರಕ್ಕೆ ರೈಲು ಓಡತೊಡಗಿದ್ದು 2025ರ ಜೂನ್ ತಿಂಗಳಲ್ಲಿ. ನಮಗೆ ಸಿಕ್ಕಿದ್ದು ಎರಡು ದೊಡ್ಡ ಸುರಂಗಗಳು: ಚೆನಾನಿಯಿಂದ ನಾಶ್ರಿಯವರೆಗಿನದು ಒಂಬತ್ತು ಕಿಲೋಮೀಟರಿಗೂ ಹೆಚ್ಚು, ಬನಿಹಾಲಿನಿಂದ ಕಾಜಿಗುಂಡ್‌ವರೆಗಿನದು ಎಂಟೂವರೆ. ಎರಡನೆಯದರ ಕತ್ತಲಿನಿಂದ ಹೊರಬಂದೊಡನೆ ಮೋಟಾರು ಬೇರೊಂದು ದೇಶಕ್ಕೆ ಬಂದಂತಾಯಿತು. ಹಳದಿಗೆ ತಿರುಗಿದ ಬತ್ತದ ಗದ್ದೆಗಳು, ಗದ್ದೆಯ ಅಂಚಿನಲ್ಲಿ ನೇರವಾಗಿ ನಿಂತ ಪಾಪ್ಲರ್ ಮರಗಳು, ರಸ್ತೆಯಲ್ಲಿ ಸೇಬಿನ ಲಾರಿಗಳ ಸಾಲು. ಗದ್ದೆ ಕಂಡ ಕೂಡಲೇ ನನ್ನ ಮನೆಯವಳು, "ಅಂತೂ ಇಲ್ಲಿ ಅನ್ನ ಸಿಗ್ತದೆ" ಎಂದು ನಿಟ್ಟುಸಿರು ಬಿಟ್ಟಳು. ಸಿಕ್ಕಿತು ಕೂಡ. ಕಾಶ್ಮೀರದವರು ನಮ್ಮಂತೆಯೇ ಅನ್ನ ಉಣ್ಣುವವರು. ಹಾಕ್ ಎಂಬ ಸೊಪ್ಪಿನ ಸಾರಿಗೂ ತಾವರೆ ದಂಟಿನ ಪಲ್ಯಕ್ಕೂ ನಮ್ಮ ಮಕ್ಕಳು ಎರಡೇ ದಿನದಲ್ಲಿ ಒಗ್ಗಿಕೊಂಡರು. ಅಕ್ರೋಟು, ಹಸಿಮೆಣಸು, ಮೊಸರು ಸೇರಿಸಿ ಅರೆದ ಒಂದು ಚಟ್ನಿಯನ್ನಂತೂ ನನ್ನಾಕೆ ಕೇಳಿ ಬರೆದುಕೊಂಡಳು.

ಅನಂತನಾಗ್‌ನಿಂದ ಪಹಲ್ಗಾಮಿಗೆ ಹೋಗುವ ದಾರಿಯಲ್ಲಿ ಮೊದಲು ಸಿಗುವ ದೊಡ್ಡ ಊರು ಮಟ್ಟನ್. ಅಲ್ಲಿಯ ಬುಗ್ಗೆಯ ನೀರಿನ ಕೊಳದಲ್ಲಿ ಮೀನುಗಳು ಕಪ್ಪಾಗಿ ಮುಗಿಬೀಳುವುದನ್ನು ನೋಡಿದಾಗ ನನಗೆ ಶೃಂಗೇರಿಯ ತುಂಗೆ ನೆನಪಾದಳು. ಹತ್ತಿರದ ದಿಣ್ಣೆಯ ಮೇಲೆ ಎಂಟನೆಯ ಶತಮಾನದಲ್ಲಿ ಲಲಿತಾದಿತ್ಯ ಕಟ್ಟಿಸಿದ ಮಾರ್ತಾಂಡ ದೇವಾಲಯದ ಅವಶೇಷವಿದೆ. ಅದನ್ನು ದಾಟಿ ಲಿಡ್ಡರ್ ನದಿಯ ಪಕ್ಕಕ್ಕೆ ಬಂದೆವೆಂದರೆ ಅಕ್ರೋಟಿನ ರಾಜ್ಯ.

ಮರವನ್ನು ಮೊದಲು ಕಂಡಾಗ ನಾನು ನಮ್ಮ ಕಡೆಯ ಹಳೆಯ ಹಲಸಿನ ಮರವೆಂದೇ ನಿಲುವಿನಿಂದ ಭಾವಿಸುತ್ತಿದ್ದೆನೋ ಏನೋ. ಆದರೆ ತೊಗಟೆಯ ಬಣ್ಣ ಬೇರೆ. ಬೂದಿ ಬಳಿದಂಥ ಬಿಳಿಚು ಕಾಂಡ. ಎಳೆಯ ಕೊಂಬೆಗಳಲ್ಲಿ ನುಣುಪು, ಮುದಿ ಬೊಡ್ಡೆಯಲ್ಲಿ ಉದ್ದುದ್ದ ಬಿರುಕು. ಬಲಿತ ಮರ ಎಪ್ಪತ್ತು ಎಂಬತ್ತು ಅಡಿ ಏರುತ್ತದೆ. ಕೊಂಬೆಗಳು ಅಷ್ಟೇ ಅಗಲಕ್ಕೆ ಹರಡುತ್ತವೆ. ಒಂದೊಂದು ದಂಟಿನಲ್ಲೂ ಐದು, ಏಳು ಅಥವಾ ಒಂಬತ್ತು ಎಲೆಗಳ ಜೋಡಣೆ; ತುದಿಯ ಎಲೆಯೇ ಎಲ್ಲಕ್ಕಿಂತ ದೊಡ್ಡದು. ಎಲೆಯನ್ನು ಹಿಸುಕಿ ಮೂಸಿದರೆ ಒಗರು ಬೆರೆತ ಒಂದು ಖಾರವಾದ ವಾಸನೆ. ಕಾಯಿಗಳು ಕೊಂಬೆಯ ತುದಿಯಲ್ಲಿ ಎರಡೆರಡು ಮೂರುಮೂರಾಗಿ, ಹಸುರು ನಿಂಬೆಹಣ್ಣಿನಂತೆ ಕುಳಿತಿರುತ್ತವೆ. ನಾವು ತಿನ್ನುವ ಅಕ್ರೋಟು ಆ ಹಸುರು ಸಿಪ್ಪೆಯೊಳಗಿನ ಗಟ್ಟಿ ಚಿಪ್ಪಿನೊಳಗಿನ ಬೀಜ.

ಅಮೆರಿಕದ ಹಿಕರಿ ಮರಗಳು ಈ ಅಕ್ರೋಟಿನ ದಾಯಾದಿಗಳು; ಎರಡೂ ಒಂದೇ ಕುಟುಂಬ. ಕೊಡಲಿ, ಸುತ್ತಿಗೆಗಳ ಹಿಡಿಗೆ ಹಿಕರಿಯಷ್ಟು ತಾಳಿಕೆಯ ಮರ ಇನ್ನೊಂದಿಲ್ಲವೆಂದು ಆ ದೇಶದಲ್ಲಿ ಅದಕ್ಕೆ ಹೆಸರು. ಈಚೆಗೆ ನಮ್ಮ ಪಟ್ಟಣಗಳ ಅಂಗಡಿಗಳಲ್ಲೂ ಕಾಣುವ ಉದ್ದನೆಯ, ನುಣುಪು ಚಿಪ್ಪಿನ ಪೀಕನ್ ಬೀಜ ಒಂದು ಜಾತಿಯ ಹಿಕರಿಯದೇ. ದಾಯಾದಿಗಳನ್ನು ಬೇರೆ ಮಾಡಿ ಗುರುತಿಸುವುದಕ್ಕೆ ಒಂದು ಸುಲಭ ಉಪಾಯವುಂಟು. ಎಳೆಯ ಕಡ್ಡಿಯನ್ನು ಉದ್ದಕ್ಕೆ ಸೀಳಿದರೆ ಅಕ್ರೋಟಿನ ತಿರುಳು ಏಣಿಯ ಮೆಟ್ಟಿಲಿನಂತೆ ಅಡ್ಡಗೋಡೆಗಳಾಗಿ ಕಾಣುತ್ತದೆ. ಹಿಕರಿಯ ತಿರುಳು ಸಂದಿಲ್ಲದೆ ತುಂಬಿರುತ್ತದೆ. ಕಾಯಿ ಬಲಿತಾಗ ಹಿಕರಿಯ ಸಿಪ್ಪೆ ಅಳತೆ ಮಾಡಿದಂತೆ ನಾಲ್ಕು ಹೋಳಾಗಿ ಬಿಡುತ್ತದೆ; ಅಕ್ರೋಟಿನದು ಮನಬಂದಂತೆ ಬಿರಿಯುತ್ತದೆ.

ಈ ಮರ ಎಲ್ಲಿ ಬಾಳುತ್ತದೆ, ಎಲ್ಲಿ ಬಾಳುವುದಿಲ್ಲ ಎಂಬುದು ತಿಳಿಯಬೇಕಾದ ವಿಷಯ. ಹಿಮಾಲಯದಲ್ಲಿ ಸಾಧಾರಣವಾಗಿ ಸಾವಿರದಿಂದ ಮೂರು ಸಾವಿರ ಮೀಟರ್ ಎತ್ತರದ ನಡುವೆ ಇದರ ವಾಸ. ಅನಂತನಾಗ್ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಪಹಲ್ಗಾಮ್ ಸುಮಾರು 2,100. ಚಳಿಗಾಲದಲ್ಲಿ ಎಲೆಯನ್ನೆಲ್ಲ ಕಳಚಿ ಮರ ನಿದ್ದೆಗೆ ಇಳಿಯುತ್ತದೆ. ಏಳು ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿನ ಚಳಿ ತಳಿಗೆ ತಕ್ಕಂತೆ ಏಳುನೂರರಿಂದ ಸಾವಿರದೈನೂರು ಗಂಟೆಗಳವರೆಗೆ ದೊರೆಯದೆ ಹೋದರೆ ಆ ನಿದ್ದೆ ಪೂರ್ತಿಯಾಗುವುದಿಲ್ಲ. ವಸಂತದಲ್ಲಿ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಚಳಿ ಬೇಕೆಂದು ಚಳಿಯೆಲ್ಲವೂ ಹಿತವೆಂದಲ್ಲ. ಚಿಗುರು, ಹೂವು ಬಂದ ಮೇಲೆ ಏಪ್ರಿಲ್‌ನಲ್ಲಿ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿದರೆ ಆ ವರ್ಷದ ಬೆಳೆ ಹೋದಂತೆಯೇ. ಬೇಸಗೆಯಲ್ಲಿ ಮೂವತ್ತೆಂಟು ಡಿಗ್ರಿ ದಾಟಿದರೆ ಸಿಪ್ಪೆ ಸುಟ್ಟು ಒಳಗಿನ ಬೀಜ ಸುರುಟುತ್ತದೆ. ನೆಲವಾದರೋ ಆಳವಾಗಿರಬೇಕು, ಗೋಡು ಕೂಡಿರಬೇಕು, ನೀರು ಇಂಗಿ ಹೋಗಬೇಕು. ತಾಯಿಬೇರು ಬಹಳ ಆಳಕ್ಕೆ ಇಳಿಯುತ್ತದೆ. ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ನದಿಯ ಪಕ್ಕದ ಇಳಿಜಾರಿನಲ್ಲಿ, ಹೊಳೆ ತಂದು ಹಾಕಿದ ಮಣ್ಣಿನಲ್ಲಿ ಇದು ಇಷ್ಟು ಸೊಂಪಾಗಿ ನಿಂತಿರುವುದಕ್ಕೆ ಕಾರಣ ಇದೇ.

ಹೀಗಿರುವುದರಿಂದ ನಮ್ಮ ಊರಿನ ಹಿತ್ತಲಲ್ಲಿ ಒಂದು ಅಕ್ರೋಟು ಸಸಿ ನೆಡುವ ಆಸೆಯನ್ನು ನಾನು ಅಲ್ಲಿಯೇ ಬಿಟ್ಟು ಬಂದೆ. ಮಲೆನಾಡಿನಲ್ಲಿ ಮಳೆ ಬೇಕಾದಷ್ಟಿದೆ, ಆಳವಾದ ಮಣ್ಣೂ ಇದೆ, ಆದರೆ ಆ ಚಳಿಯ ಗಂಟೆಗಳನ್ನು ಎಲ್ಲಿಂದ ತರುವುದು? ನಮ್ಮಲ್ಲಿ ನಾಟ ಅಕ್ರೋಡು ಎಂದು ಕರೆಯುವ ಮರವೊಂದುಂಟು. ಅದು ಬೇರೆಯೇ ಕುಟುಂಬದ್ದು, ಎಣ್ಣೆಬೀಜದ ಮರ. ಹಸಿಯಾಗಿ ತಿಂದರೆ ಕೆಡುಕು. ಹೆಸರನ್ನು ನಂಬಿ ಯಾರೂ ಮೋಸಹೋಗಬಾರದು.

ಹೂವಿನ ವಿಚಾರವೂ ಸ್ವಾರಸ್ಯವಾದದ್ದು. ಒಂದೇ ಮರದಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಗಂಡುಹೂಗಳು ಜೋತಾಡುವ ಹಸುರು ಬಾಲಗಳು; ಹೆಣ್ಣುಹೂ ಚಿಗುರಿನ ತುದಿಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣದು. ಪರಾಗ ಒಯ್ಯುವ ಕೆಲಸ ಜೇನಿನದಲ್ಲ, ಗಾಳಿಯದು. ಆದರೆ ಒಂದೇ ಮರದ ಗಂಡು ಹೆಣ್ಣುಗಳು ಹೆಚ್ಚಾಗಿ ಒಂದೇ ಕಾಲಕ್ಕೆ ಅರಳುವುದಿಲ್ಲ. ಆದಕಾರಣ ಒಂಟಿ ಮರಕ್ಕಿಂತ ನಾಲ್ಕಾರು ಮರಗಳು ಹತ್ತಿರವಿರುವ ಕಡೆ ಕಾಯಿ ಚೆನ್ನಾಗಿ ಕಟ್ಟುತ್ತದೆ. ಮರಕ್ಕೆ ಇನ್ನೊಂದು ಗುಣವಿದೆ: ಎಲೆಯಲ್ಲಿ, ಬೇರಿನಲ್ಲಿ, ಹಸುರು ಸಿಪ್ಪೆಯಲ್ಲಿ ಜುಗ್ಲೋನ್ ಎಂಬ ದ್ರವ್ಯಕ್ಕೆ ಮೂಲವಿರುತ್ತದೆ, ಅದರ ದೆಸೆಯಿಂದ ಬುಡದಲ್ಲಿ ಕೆಲವು ಗಿಡಗಳು ಏಳಿಗೆಯಾಗುವುದಿಲ್ಲ. ಕೈಗೆ ಅಂಟಿದ ಕಪ್ಪು ಹೋಗದಿರುವುದಕ್ಕೂ ಸಿಪ್ಪೆಯ ರಸವೇ ಕಾರಣ. ಸೆಪ್ಟೆಂಬರಿನಲ್ಲಿ ಲಿಡ್ಡರ್ ದಡದ ಹಳ್ಳಿಗಳಲ್ಲಿ ಹೆಂಗಸರು ಮಕ್ಕಳ ಅಂಗೈ ನೋಡಿದರೆ ಸಾಕು, ಕೊಯ್ಲು ನಡೆಯುತ್ತಿದೆಯೆಂದು ತಿಳಿಯುತ್ತದೆ. ಅಡಿಕೆ ಸುಲಿದು ಚೊಗರು ಮೆತ್ತಿದ ನನ್ನ ಅಮ್ಮನ ಕೈಗಳಿಗೂ ಆ ಕೈಗಳಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ.

ಇಷ್ಟಕ್ಕೂ ನಾವು ಆ ಹಳ್ಳಿಗಳಲ್ಲೊಂದಕ್ಕೆ ಹೋದದ್ದು ಬರಿಯ ಕುತೂಹಲದಿಂದಲ್ಲ. ಒಂದು ಕೆಲಸವನ್ನು ಒಪ್ಪಿಕೊಂಡು ಹೋಗಿದ್ದೆವು. ದಿಲ್ಲಿಯಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಕಾಶ್ಮೀರಿ ಪಂಡಿತರ ಕುಟುಂಬವೊಂದಿದೆ. ಮನೆಯ ಹಿರಿಯಾಕೆಯನ್ನು ನಾವೆಲ್ಲರೂ ಮಾತಾಜಿ ಎಂದೇ ಕರೆಯುವುದು. 1990ರಲ್ಲಿ ಕಣಿವೆಯನ್ನು ಬಿಟ್ಟುಬಂದ ಸಾವಿರಾರು ಸಂಸಾರಗಳಲ್ಲಿ ಅವರದೂ ಒಂದು. ಅವರ ಶಿವರಾತ್ರಿಗೆ ಹೇರತ್ ಎಂದು ಹೆಸರು. ಕೊಡಗಳಲ್ಲಿ ನೀರು ತುಂಬಿ ಅಕ್ರೋಟು ಹಾಕಿ, ಆ ಕೊಡಗಳನ್ನೇ ಶಿವ ಪಾರ್ವತಿಯರೆಂದು ಪೂಜಿಸಿ, ಅಮಾವಾಸ್ಯೆ ಕಳೆದ ಮೇಲೆ ನೆನೆದ ಅಕ್ರೋಟನ್ನು ಪ್ರಸಾದವಾಗಿ ನೆಂಟರಿಗೂ ನೆರೆಯವರಿಗೂ ಹಂಚುತ್ತಾರೆ. ಆ ಪ್ರಸಾದ ಪ್ರತಿವರ್ಷ ನಮ್ಮ ಮನೆಗೂ ಬರುತ್ತದೆ. ನಾವು ಕಾಶ್ಮೀರಕ್ಕೆ ಹೊರಟಿರುವುದು ತಿಳಿದ ದಿನ ಮಾತಾಜಿ ನನ್ನನ್ನು ಕರೆಸಿದರು.

"ಬೇಟಾ, ಮನೆಯನ್ನು ನೋಡಿಕೊಂಡು ಬಾ ಎನ್ನುವುದಿಲ್ಲ. ಅದನ್ನು ಆಗಲೇ ಮಾರಿಬಿಟ್ಟೆವು. ಅಂಗಳದ ಮೂಲೆಯಲ್ಲಿ ಕಾಲುವೆಯ ಪಕ್ಕ ಒಂದು ಅಕ್ರೋಟು ಮರವಿದೆ. ನಮ್ಮ ಮಾವನವರು ನೆಟ್ಟದ್ದು. ಹಸು ಕಟ್ಟುವುದಕ್ಕೆಂದು ಅದರ ಬೊಡ್ಡೆಗೆ ಒಂದು ಕಬ್ಬಿಣದ ಬಳೆ ಹೊಡೆಸಿದ್ದರು. ಮರ ನಿಂತಿದೆಯೋ ಇಲ್ಲವೋ, ಅಷ್ಟು ನೋಡಿ ಹೇಳು."

ಹಳ್ಳಿ ಸುಲಭವಾಗಿಯೇ ಸಿಕ್ಕಿತು. ಹೆಸರು ಹೇಳುವುದು ಬೇಡ. ಮನೆಯನ್ನು ಹೊಸದಾಗಿ ಕಟ್ಟಿದ್ದರು, ತಗಡಿನ ಮಾಡು. ಮನೆಯ ಯಜಮಾನರು ಅರುವತ್ತೈದರ ಆಚೆಯವರು, ಗೌರವಸ್ಥರು. ದಿಲ್ಲಿಯಿಂದ ಬಂದವರು, ಇಂಥವರ ಕಡೆಯವರು ಎಂದು ತಿಳಿಸಿದಾಗ ಒಂದು ಗಳಿಗೆ ಮಾತಾಡಲಿಲ್ಲ. ಆಮೇಲೆ ಒಳಕ್ಕೆ ಕರೆದು ಕೂರಿಸಿ ಉಪ್ಪು ಹಾಕಿದ ಗುಲಾಬಿ ಬಣ್ಣದ ಚಹಾ ಕೊಡಿಸಿದರು. ನಮ್ಮ ಮಕ್ಕಳು ಮುಖ ಹಿಂಡಿದ್ದನ್ನು ನೋಡಿ ಮನೆಯ ಹೆಂಗಸರು ನಕ್ಕರು. ಮರ ನಿಂತಿತ್ತು. ನೆಲದಿಂದ ಒಂದು ಆಳೆತ್ತರದಲ್ಲಿ ಎರಡಾಗಿ ಕವಲೊಡೆದ ದೈತ್ಯ ಮರ. ಬೊಡ್ಡೆಯಲ್ಲಿ ಕಬ್ಬಿಣದ ಬಳೆ ಎಲ್ಲಿ ಎಂದು ಹುಡುಕಿದೆ. ಯಜಮಾನರು ನನ್ನ ಕೈಹಿಡಿದು ತೊಗಟೆಯ ಒಂದು ಉಬ್ಬಿನ ಮೇಲೆ ಇರಿಸಿದರು. ಮರ ಬೆಳೆಯುತ್ತ ಬಳೆಯನ್ನು ನುಂಗಿಬಿಟ್ಟಿತ್ತು. ಬೆರಳಿನ ತುದಿಗೆ ಕಬ್ಬಿಣದ ತಣುಪು ಒಂದಿಷ್ಟು ಸಿಕ್ಕಿತು.

ಸುತ್ತಲಿನ ಮರಗಳಲ್ಲೆಲ್ಲ ಕೊಯ್ಲು ಜೋರಾಗಿತ್ತು. ಹಸುರು ಸಿಪ್ಪೆ ಬಿರಿಯತೊಡಗಿದಾಗ ಗಂಡಸರು ಮರ ಹತ್ತುತ್ತಾರೆ. ಸೊಂಟಕ್ಕೆ ಹಗ್ಗವಿಲ್ಲ, ಕೆಳಗೆ ಬಲೆಯಿಲ್ಲ. ಕೊಂಬೆಯ ಮೇಲೆ ನಿಂತು ಉದ್ದನೆಯ ಗಳುವಿನಿಂದ ತುದಿಗಳನ್ನು ಬಡಿಯಬೇಕು. ಕಾಯಿ ಕಟ್ಟುವುದು ತುದಿಯಲ್ಲಾದ್ದರಿಂದ ಮನುಷ್ಯನೂ ತುದಿಯ ಕಡೆಗೇ ಸರಿಯಬೇಕು. ಬಿದ್ದ ಕಾಯಿಗಳನ್ನು ರಾಶಿ ಹಾಕಿ, ಸಿಪ್ಪೆ ಮೆತ್ತಗಾದ ಮೇಲೆ ಬಿಡಿಸಿ, ಹೊಳೆಯ ನೀರಿನಲ್ಲಿ ತೊಳೆದು, ಬಿಸಿಲಿನಲ್ಲಿ ಹರವುತ್ತಾರೆ. ತೊಳೆಯುವುದು ತಡವಾದರೆ ಸಿಪ್ಪೆಯ ಕಪ್ಪು ಚಿಪ್ಪಿಗಿಳಿದು ಬೆಲೆ ಬೀಳುತ್ತದೆ. ಪ್ರತಿ ಸೆಪ್ಟೆಂಬರಿನಲ್ಲೂ ಮರದಿಂದ ಬಿದ್ದು ಸತ್ತವರ, ಬೆನ್ನು ಮುರಿದವರ ಸುದ್ದಿ ಕಣಿವೆಯ ಪತ್ರಿಕೆಗಳಲ್ಲಿ ಬರುತ್ತದೆ. ನಮ್ಮ ಯಜಮಾನರ ಅಂಗಳದ ಮರವನ್ನು ಮಾತ್ರ ಯಾರೂ ಹತ್ತಿರಲಿಲ್ಲ. ಕಾಯಿಗಳು ತಾವಾಗಿ ಉದುರಿ ಹುಲ್ಲಿನಲ್ಲಿ ಬಿದ್ದಿದ್ದವು. ಕಾರಣ ಕೇಳುವ ಮೊದಲೇ ಒಳಗಿನಿಂದ ಮಗ ಬಂದು ಕುಳಿತ. ಇಪ್ಪತ್ತಾರರ ಹುಡುಗ, ಎರಡು ಕೋಲು ಊರಿಕೊಂಡು ನಡೆಯುತ್ತಾನೆ. 2021ರಲ್ಲಿ ಆ ಮರದಿಂದಲೇ ಬಿದ್ದವನು.

ನಮ್ಮ ಊರಿನಲ್ಲಿ ಕೊನೆಗಾರ ಅಡಿಕೆ ಮರದಿಂದ ಬಿದ್ದ ಕಥೆಗಳನ್ನು ಕೇಳಿ ಬೆಳೆದವನು ನಾನು. ಈಗ ನಮ್ಮಲ್ಲಿ ನೆಲದಲ್ಲೇ ನಿಂತು ಕೊನೆ ಕೊಯ್ಯುವ ಹಗುರವಾದ ಕಾರ್ಬನ್ ದೋಟಿ ಬಂದಿದೆ ಎಂದು ಅವರಿಗೆ ತಿಳಿಸಿದೆ. ಫೋನಿನಲ್ಲಿ ಚಿತ್ರವನ್ನೂ ತೋರಿಸಿದೆ. ಹುಡುಗ ಆಸೆಯಿಂದಲೇ ನೋಡಿದ. ಆಮೇಲೆ, "ನಿಮ್ಮ ಮರಕ್ಕೆ ಒಂದೇ ಕಾಂಡ, ಗೊನೆ ಒಂದು ಕಡೆ. ನಮ್ಮದಕ್ಕೆ ಸಾವಿರ ತುದಿ, ತುದಿಗೆರಡು ಕಾಯಿ" ಎಂದ. ಮಾತು ನಿಜ. ಕ್ಯಾಲಿಫೋರ್ನಿಯದಲ್ಲಿ ಸಮತಟ್ಟಾದ ತೋಟಗಳಲ್ಲಿ ಯಂತ್ರವೊಂದು ಕಾಂಡವನ್ನು ಹಿಡಿದು ಅಲುಗಿಸಿ ಕಾಯಿ ಉದುರಿಸುತ್ತದೆ. ಈ ಇಳಿಜಾರಿನಲ್ಲಿ, ಈ ಗಾತ್ರದ ಮರದ ಬಳಿಗೆ ಆ ಯಂತ್ರ ಹೋಗುವುದು ಹೇಗೆ?

ನಾನು ಸರಕಾರಿ ಗುಮಾಸ್ತನೆಂಬುದು ಮಾತಿನ ನಡುವೆ ತಿಳಿದ ಮೇಲೆ ಯಜಮಾನರು ಒಳಗಿನಿಂದ ಒಂದು ಕಾಗದವನ್ನು ತಂದರು. ಮರ ಕಡಿಯಲು ಅನುಮತಿ ಬೇಡುವ ಅರ್ಜಿ. ಕಾಶ್ಮೀರದಲ್ಲಿ ಅಕ್ರೋಟು ಮರ ತನ್ನ ಹೊಲದಲ್ಲೇ ಇದ್ದರೂ ಮಾಲೀಕ ಮನಸ್ಸು ಬಂದಂತೆ ಕಡಿಯುವ ಹಾಗಿಲ್ಲ. 1969ರಲ್ಲಿ ಬಂದ ಕಾಯಿದೆಯೊಂದು ಚಿನಾರ್ ಮೊದಲಾದ ಕೆಲವು ಮರಗಳ ಜೊತೆಗೆ ಇದನ್ನೂ ರಕ್ಷಿಸಿತು. ಅದಕ್ಕೆ ಕಾರಣವೂ ಇದೆ. ಅಕ್ರೋಟಿನ ಮರಮುಟ್ಟು ಬಹಳ ಬೆಲೆಯುಳ್ಳದ್ದು. ನಾವು ಶ್ರೀನಗರದ ಹಳೆಯ ಪೇಟೆಯಲ್ಲಿ ಕೆತ್ತನೆಗಾರರ ಅಂಗಡಿಯೊಂದರಲ್ಲಿ ಅರ್ಧ ದಿನ ಕುಳಿತಿದ್ದೆವು. ಹಲಗೆಯನ್ನು ವರ್ಷಗಟ್ಟಲೆ ನೆರಳಿನಲ್ಲಿ ಒಣಗಿಸಿದ ಮೇಲೆಯೇ ಉಳಿ ಮುಟ್ಟಿಸುವುದು. ಕೊಂಬೆಯ ಮರ ಬಿಳಿಚು, ಕಾಂಡದ್ದು ಕಂದು, ಬೇರಿನದು ಕಡುಕಪ್ಪು ಗೆರೆಗಳುಳ್ಳದ್ದು, ಅದಕ್ಕೇ ಹೆಚ್ಚಿನ ಬೆಲೆ. ಬೇರಿಗೆ ಬೆಲೆಯೆಂದರೆ ಮರಕ್ಕೆ ಆಪತ್ತು ತಾನೆ? ಕಾಯಿದೆ ಇರದಿದ್ದರೆ ಆ ಕಣಿವೆಯಲ್ಲಿ ಎಷ್ಟು ಮುದಿ ಮರಗಳು ಉಳಿಯುತ್ತಿದ್ದವೋ.

ಅರ್ಜಿಯಲ್ಲಿ ನಾಲ್ಕು ಕಾರಣಗಳಿದ್ದವು. ಮೊದಲನೆಯದು, ನೆರಳು ಬಿದ್ದು ತರಕಾರಿ ಬೆಳೆಯುವುದಿಲ್ಲ. ಎರಡನೆಯದು, ಬೇರು ಗೋಡೆಗೆ ತಾಗುತ್ತಿದೆ. ಮೂರನೆಯದು, ಮರಕ್ಕೆ ವಯಸ್ಸಾಗಿದೆ. ಮಗ ಬಿದ್ದ ವಿಷಯ ಕೊನೆಯಲ್ಲಿ ಅರ್ಧ ಸಾಲು. ಹದಿನಾಲ್ಕು ವರ್ಷ ಕಡತ ಕಟ್ಟಿದವನ ಕಣ್ಣಿಗೆ ಅದು ನಿಲ್ಲುವ ಅರ್ಜಿಯೆಂದು ಕಾಣಲಿಲ್ಲ. ಕೊನೆಯದನ್ನು ಮೊದಲಿಗೆ ತಂದು, ಆಸ್ಪತ್ರೆಯ ಕಾಗದದ ಪ್ರತಿ ಲಗತ್ತಿಸುವಂತೆ ಹೇಳಿ, ಕಡಿಯಲು ಅನುಮತಿ ಇಲ್ಲವೆಂದಾದರೆ ಎತ್ತರದ ಕೊಂಬೆಗಳನ್ನಾದರೂ ಇಳಿಸಲು ಅಪ್ಪಣೆ ಕೊಡಬೇಕು ಎಂಬ ಬದಲಿ ಪ್ರಾರ್ಥನೆಯನ್ನು ಸೇರಿಸಿ, ನಮ್ಮ ಮಗಳ ನೋಟುಬುಕ್ಕಿನ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಯಜಮಾನರು ಅದನ್ನು ಎರಡು ಸಲ ಓದಿಸಿ ಕೇಳಿದರು. ಹೊರಡುವಾಗ ಹುಲ್ಲಿನಿಂದ ಆರಿಸಿದ ಕಾಯಿಗಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಮಾತಾಜಿಗೆಂದು ಕೊಟ್ಟರು. ಹಣದ ಮಾತು ಎತ್ತಗೊಡಲಿಲ್ಲ.

ಮೋಟಾರು ಹತ್ತಿದ ಮೇಲೆ ನನ್ನ ಮನೆಯವಳು ಬಹಳ ಹೊತ್ತು ಸುಮ್ಮನಿದ್ದು, "ಮರ ನಿಂತಿದೆಯಾ ಅಂತ ನೋಡೋಕೆ ಬಂದು, ಕಡಿಯೋಕೆ ಅರ್ಜಿ ಬರೆದುಕೊಟ್ರಿ. ಮಾತಾಜಿಗೆ ಏನು ಹೇಳ್ತೀರಿ?" ಎಂದಳು. ಉತ್ತರ ನನಗೂ ತಿಳಿದಿರಲಿಲ್ಲ. ಶ್ರೀನಗರದ ದಾರಿಯಲ್ಲಿ ಪಾಂಪೋರ್ ದಾಟಿದ ಮೇಲೆ ಬಲಗಡೆಗೆ ಖೋನ್‌ಮೋಹ್ ಎಂಬ ಊರಿನ ಕಡೆಗೆ ರಸ್ತೆ ತಿರುಗುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಬಿಲ್ಹಣ ಕವಿ ಹುಟ್ಟಿದ್ದು ಅಲ್ಲಿ. ಊರು ಬಿಟ್ಟು, ಮಥುರೆ, ಕಾಶಿ ಎಂದು ಅಲೆದು, ಕೊನೆಗೆ ಅವನು ನೆಲೆ ಕಂಡದ್ದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ನಮ್ಮ ದೊರೆಯ ಚರಿತ್ರೆಯಾದ ವಿಕ್ರಮಾಂಕದೇವಚರಿತವನ್ನು ಬರೆದವನು ಕೊನೆಯ ಸರ್ಗದಲ್ಲಿ ಮಾತ್ರ ತನ್ನ ಕಾಶ್ಮೀರವನ್ನೂ ಹುಟ್ಟಿದ ಊರನ್ನೂ ವರ್ಣಿಸದೆ ಬಿಡಲಿಲ್ಲ. ಕನ್ನಡ ನಾಡಿನ ಅನ್ನ ಉಂಡರೂ ಕುಂಕುಮಕೇಸರಿಯ ಊರು ಅವನಿಗೆ ಮರೆಯಲಿಲ್ಲ. ನಮ್ಮಂಥವರ ಪೂರ್ವಿಕನೆಂದು ನಾನು ಅವನನ್ನು ಆ ದಿನದಿಂದ ಲೆಕ್ಕಕ್ಕೆ ಹಿಡಿದಿದ್ದೇನೆ.

ದಿಲ್ಲಿಗೆ ಬಂದ ಮರುದಿನವೇ ಮಾತಾಜಿಯ ಮನೆಗೆ ಹೋಗಿ ಎಲ್ಲವನ್ನೂ ಇದ್ದದ್ದಿದ್ದಂತೆ ಹೇಳಿದೆ. ಮರ ನಿಂತಿರುವುದು, ಬಳೆ ಒಳಸೇರಿರುವುದು, ಹುಡುಗ ಬಿದ್ದದ್ದು, ಅರ್ಜಿ ಬರೆದದ್ದು. ಅವರು ಮೊದಲು ಕೇಳಿದ ಪ್ರಶ್ನೆ, "ಹುಡುಗ ನಡೆಯುತ್ತಾನೆಯೇ?" ಎಂಬುದು. ಕೋಲು ಹಿಡಿದು ನಡೆಯುತ್ತಾನೆ ಎಂದೆ. ಚೀಲದಿಂದ ಒಂದು ಕಾಯಿಯನ್ನು ತೆಗೆದು ಕೈಯಲ್ಲಿ ಹೊರಳಿಸುತ್ತ ಅವರು, "ಮಾವನವರು ನೆಟ್ಟದ್ದು ಮಕ್ಕಳು ತಿನ್ನಲಿ ಎಂದು, ಬೀಳಲಿ ಎಂದಲ್ಲ. ಕಡಿಯಲಿ. ಕಡಿದ ಜಾಗದಲ್ಲಿ ಇನ್ನೊಂದು ನೆಡಬೇಕೆಂದು ಮಾ ಹೇಳಿದಳು ಎಂದು ಹೇಳು" ಎಂದರು. ಹಾಗೆಯೇ ಫೋನು ಮಾಡಿ ತಿಳಿಸಿದೆ. ಮುಂದಿನ ವರ್ಷ ವಿಚಾರಿಸಿದಾಗ ಅರ್ಜಿ ಇನ್ನೂ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುತ್ತಿತ್ತು. ಆದರೆ ಯಜಮಾನರು ಕಾಯದೆ ಕಾಲುವೆಯ ಆಚೆ ನಾಲ್ಕು ಕಸಿ ಸಸಿಗಳನ್ನು ನೆಟ್ಟಿದ್ದರು. ಮುದಿ ಮರವನ್ನು ಹತ್ತದೆ, ಬಿದ್ದ ಕಾಯಿಗಳನ್ನಷ್ಟೇ ಆರಿಸುತ್ತಿದ್ದರು.

ಆ ಕಸಿ ಸಸಿಗಳಲ್ಲಿಯೇ ಕಣಿವೆಯ ಮುಂದಿನ ದಿನಗಳಿವೆಯೆಂದು ಬಲ್ಲವರ ಅಭಿಪ್ರಾಯ. ಕಾಶ್ಮೀರದ ಹಳೆಯ ಮರಗಳಲ್ಲಿ ಹೆಚ್ಚಿನವು ಬೀಜದಿಂದ ಎದ್ದವು. ಆದ್ದರಿಂದ ಒಂದರಂತೆ ಇನ್ನೊಂದರ ಕಾಯಿ ಇರುವುದಿಲ್ಲ. ಒಂದರ ಚಿಪ್ಪು ಕಾಗದದಷ್ಟು ತೆಳು, ಅದನ್ನು ಕಾಗ್ಜಿ ಎನ್ನುತ್ತಾರೆ. ಪಕ್ಕದ ಮರದ್ದು ಕಲ್ಲಿನಷ್ಟು ಗಟ್ಟಿ, ಅದು ವೊಂತ್. ಬೀಜದ ಮರ ಫಲಕ್ಕೆ ಬರಲು ಹತ್ತು ಹನ್ನೆರಡು ವರ್ಷವಾದರೂ ಬೇಕು. ಕಸಿಯದು ನಾಲ್ಕೈದು ವರ್ಷಕ್ಕೆ ಕಾಯಿ ತೋರುತ್ತದೆ, ಸವರಿ ಗಿಡ್ಡವಾಗಿ ಇಟ್ಟುಕೊಳ್ಳಬಹುದು, ಏಣಿಯಿಂದಲೇ ಕೊಯ್ಯಬಹುದು. ಆದರೆ ಅಕ್ರೋಟಿಗೆ ಕಸಿ ಕೂಡುವುದು ಮಾವಿನಷ್ಟು ಸುಲಭವಲ್ಲ. ಗಾಯ ಮಾಯಲು ಇಪ್ಪತ್ತೇಳು ಡಿಗ್ರಿಯ ಹತ್ತಿರದ ಬೆಚ್ಚಗೆ ಬೇಕು, ಆ ಚಳಿದೇಶದಲ್ಲಿ ಅದಕ್ಕಾಗಿ ಪಾಲಿಥೀನ್ ಮನೆಗಳನ್ನು ಕಟ್ಟಬೇಕು. ಶ್ರೀನಗರದ ರಂಗರೇಟ್‌ನಲ್ಲಿರುವ ಕೇಂದ್ರ ಶೀತವಲಯ ತೋಟಗಾರಿಕೆ ಸಂಸ್ಥೆ ಹಲವು ತಳಿಗಳನ್ನು ಆರಿಸಿ ಕಸಿ ಸಸಿಗಳನ್ನು ಹಂಚುತ್ತಿದೆ. ಕ್ಯಾಲಿಫೋರ್ನಿಯದ ಚಾಂಡ್ಲರ್ ಎಂಬ ತಳಿಯೂ ಬಂದಿದೆ; ಅದು ಕೊಂಬೆಯ ತುದಿಯಲ್ಲಷ್ಟೇ ಅಲ್ಲದೆ ಪಕ್ಕದ ಮೊಗ್ಗುಗಳಲ್ಲಿಯೂ ಕಾಯಿ ಬಿಡುತ್ತದೆ.

ಭಾರತದ ಅಕ್ರೋಟಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಜಮ್ಮು-ಕಾಶ್ಮೀರದ್ದು. ಆದರೂ ನಮ್ಮ ಅಂಗಡಿಗಳಲ್ಲಿ ಅಮೆರಿಕದ, ಚಿಲಿ ದೇಶದ ಅಕ್ರೋಟು ಎದ್ದು ಕಾಣುತ್ತದೆ. ಬಣ್ಣ ಒಂದೇ ಸಮ, ಗಾತ್ರವೂ ಒಂದೇ ಸಮ. 2019ರಲ್ಲಿ ಅಮೆರಿಕದ ಅಕ್ರೋಟಿನ ಮೇಲೆ ಹಾಕಿದ್ದ ಶೇಕಡಾ 20ರ ಹೆಚ್ಚುವರಿ ಸುಂಕವನ್ನು ನಾವು ಕಣಿವೆಯಲ್ಲಿದ್ದ ಆ ಸೆಪ್ಟೆಂಬರ್ ತಿಂಗಳಲ್ಲಿಯೇ ತೆಗೆದುಹಾಕಲಾಯಿತು. ಪೇಟೆಯಲ್ಲಿ ಎಲ್ಲೆಲ್ಲೂ ಅದೇ ಮಾತು. ದಿಲ್ಲಿಯವರು ಖಾರಿ ಬಾವ್ಲಿಗೆ ಅಕ್ಟೋಬರಿನ ಕೊನೆಗೆ ಹೋದರೆ ಹೊಸ ಕಾಶ್ಮೀರಿ ಮಾಲು ದೊರೆಯುತ್ತದೆ. ಬಿಡಿಸಿದ ಬೀಜಕ್ಕಿಂತ ಚಿಪ್ಪಿನದನ್ನೇ ಕೊಳ್ಳುವುದು ಲೇಸು. ಎರಡು ಕಾಯಿಗಳನ್ನು ಅಂಗೈಯಲ್ಲಿಟ್ಟು ಒತ್ತಿದರೆ ಒಂದು ಒಡೆಯಬೇಕು, ಅದು ಕಾಗ್ಜಿ. ಒಳಗಿನ ಬೀಜ ತಿಳಿಬಣ್ಣವಾಗಿದ್ದರೆ ಹೊಸದು. ಅದರ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಎಣ್ಣೆ. ಬಿಡಿಸಿ ಹೊರಗಿಟ್ಟರೆ ಬೇಗ ಕಮಟುತ್ತದೆ. ಬಿಡಿಸಿದ್ದನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಬೇಕು.

ಸಂಘದ ಕೆಲವು ಮಿತ್ರರು, "ಈಗ ಅಲ್ಲಿಗೆ ಹೋಗಬಹುದೇ?" ಎಂದು ಕೇಳುತ್ತಾರೆ. 2025ರ ಏಪ್ರಿಲ್ 22ರಂದು ಅದೇ ಲಿಡ್ಡರ್ ಕಣಿವೆಯ ಮೇಲಿನ ಬೈಸರನ್ ಹುಲ್ಲುಗಾವಲಿನಲ್ಲಿ ಇಪ್ಪತ್ತಾರು ಮಂದಿ ಭಯೋತ್ಪಾದಕರ ಗುಂಡಿಗೆ ಬಲಿಯಾದರು. ಅವರಲ್ಲಿ ನಮ್ಮ ಶಿವಮೊಗ್ಗದವರೊಬ್ಬರಿದ್ದರು. ಪ್ರವಾಸಿಗರನ್ನು ಉಳಿಸಲು ಹೋದ ಅಲ್ಲಿಯ ಕುದುರೆಯವನೊಬ್ಬನೂ ಇದ್ದ. ಆ ಸುದ್ದಿ ಬಂದ ರಾತ್ರಿ ನಮಗೆ ಮೊದಲು ಬಂದ ಫೋನು ಆ ಹಳ್ಳಿಯದು. ನಾವೆಲ್ಲ ದಿಲ್ಲಿಯಲ್ಲಿಯೇ ಇದ್ದೇವಷ್ಟೆ ಎಂದು ಕೇಳುವುದಕ್ಕಾಗಿ ಹುಡುಗ ಮಾಡಿದ್ದ. ಹೋಗಿ ಎಂದಾಗಲಿ ಬೇಡವೆಂದಾಗಲಿ ಹೇಳುವ ಅಧಿಕಾರ ನನ್ನದಲ್ಲ. ಅವರವರು ವಿಚಾರಿಸಿ ಅವರವರೇ ನಿಶ್ಚಯಿಸಬೇಕು. ಹೋಗುವವರಿದ್ದರೆ ಸೆಪ್ಟೆಂಬರಿನ ಎರಡನೆಯ ವಾರದಿಂದ ತಿಂಗಳ ಕೊನೆಯವರೆಗಿನದು ಅಕ್ರೋಟಿನ ಕಾಲ. ಮರದ ಕೆಳಗೆ ಮಕ್ಕಳನ್ನು ಬಿಡಬೇಡಿ, ಮೇಲಿನಿಂದ ಕಾಯಿ ಬೀಳುತ್ತಿರುತ್ತದೆ. ಹಸುರು ಸಿಪ್ಪೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ; ನಮ್ಮ ಮಗಳ ಬೆರಳಿನ ಕಪ್ಪು ಅಳಿಸುವ ಹೊತ್ತಿಗೆ ನವರಾತ್ರಿಯ ಬೊಂಬೆಗಳನ್ನು ಇಳಿಸುವ ದಿನ ಬಂದಿತ್ತು.